1938ರ ನವೆಂಬರ್ 9ರ ರಾತ್ರಿ: ಜನರ ಸಿಟ್ಟಾ, ಮೇಲಿಂದ ಬಂದ ಆರ್ಡರ್ರಾ?

ಮಲ್ನಾಡ್_ಓದುಗ

ನಮಸ್ಕಾರ ಎಲ್ರಿಗೂ. ಹಿಟ್ಲರ್ ಅಂದ ಕೂಡ್ಲೆ ನಾವು ಸೀದಾ ಆಶ್‌ವಿಟ್ಸ್‌ಗೆ ಹೋಗ್ಬಿಡ್ತೀವಿ, ಗ್ಯಾಸ್ ಚೇಂಬರ್, 60 ಲಕ್ಷ ಸಾವು, ಅಲ್ಲಿಗೆ ಮಾತು ಮುಗೀತು. ಅದಕ್ಕೂ ಮುಂಚೆ, ಯುದ್ಧ ಇನ್ನೂ ಶುರುವೇ ಆಗದಿದ್ದಾಗ, 1938ರ ನವೆಂಬರ್ 9-10ರಂದು ಜರ್ಮನಿಯಲ್ಲೂ ಆ ವರ್ಷವೇ ನುಂಗ್ಕೊಂಡಿದ್ದ ಆಸ್ಟ್ರಿಯಾದಲ್ಲೂ ಒಂದೇ ಹೊತ್ತಿಗೆ ಯಹೂದಿಗಳ ಅಂಗಡಿ, ಮನೆ, ಸಿನಗಾಗ್ (ಅವರ ಪ್ರಾರ್ಥನಾ ಮಂದಿರ) ಎಲ್ಲ ಒಡೆದು ಸುಟ್ರಲ್ಲ, ಕ್ರಿಸ್ಟಾಲ್‌ನಾಖ್ಟ್ ಅಂತಾರೆ, ಅದರ ಬಗ್ಗೆ ಕೇಳ್ಬೇಕಿತ್ತು. ಸುಮಾರು 7,500 ಅಂಗಡಿ, 1,400ಕ್ಕೂ ಹೆಚ್ಚು ಸಿನಗಾಗ್ ಮತ್ತು ಪ್ರಾರ್ಥನಾ ಕೋಣೆ, 30,000 ಗಂಡಸರ ಬಂಧನ, ಇಷ್ಟು ಓದಿದೀನಿ.

ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಭಾವ ಒಬ್ರು, ಅದು ಜನರ ಸಿಟ್ಟು, ಪ್ಯಾರಿಸ್‌ನಲ್ಲಿ ಒಬ್ಬ ಯಹೂದಿ ಹುಡುಗ ಜರ್ಮನ್ ರಾಯಭಾರಿ ಕಚೇರಿಯವನನ್ನ ಕೊಂದ, ಹಾಗೆ ಕೊಂದ್ರೆ ಯಾವ ದೇಶದಲ್ಲಾದ್ರೂ ಹಾಗೇ ಆಗುತ್ತೆ, ಸರ್ಕಾರ ತಡೀಲಿಲ್ಲ ಅನ್ನೋದಷ್ಟೇ ತಪ್ಪು ಅಂದ್ರು. ನಂಗ್ಯಾಕೋ ಸರಿ ಅನ್ನಿಸ್ಲಿಲ್ಲ, ಆದ್ರೆ ಎದುರು ಹೇಳೋಕೆ ಕೈಲಿ ಏನೂ ಇರ್ಲಿಲ್ಲ. ಸರ್ಕಾರ ಸುಮ್ನಿತ್ತು ಅನ್ನೋದು ಬೇರೆ, ಸರ್ಕಾರವೇ ಮಾಡಿಸ್ತು ಅನ್ನೋದು ಬೇರೆ ಅಲ್ವಾ? ತಿಳಿದೋರು ಹೇಳಿ.

ಸುಮ್ನೆ_ಕೇಳ್ದೆ

ನಿಮ್ಮ ಭಾವ ಹೇಳಿದ್ರಲ್ಲಿ ಪೂರ್ತಿ ತಪ್ಪೇನಿದೆ ಗುರು? ಪ್ಯಾರಿಸ್ ಎಂಬಸಿ ಒಳಗೆ ಹೋಗಿ ಆ ಹುಡ್ಗ ಗುಂಡು ಹೊಡ್ದಿದ್ದು ನಿಜ ತಾನೆ, ಆ ಅಧಿಕಾರಿ ಸತ್ತಿದ್ದೂ ನಿಜ. ದೊಡ್ಡ ದಂಗೆ ಆದಾಗೆಲ್ಲ ಆಮೇಲೆ ಕೂತು "ಮೇಲಿಂದ ಪ್ಲಾನ್ ಮಾಡಿದ್ರು" ಅನ್ನೋದು ಸುಲಭ. ನಾನು ನಾಜಿಗಳ ಪರ ಅಲ್ಲ, ಪುರಾವೆ ಕೇಳ್ತಿದೀನಿ ಅಷ್ಟೆ.

ಮೇಷ್ಟ್ರು_ತುಮಕೂರು

ಪುರಾವೆ ಕೇಳಿದ್ದು ಒಳ್ಳೇದೇ ಆಯ್ತು, ಯಾಕಂದ್ರೆ ಈ ವಿಷಯದಲ್ಲಿ ಪುರಾವೆಗೆ ಬರ ಇಲ್ಲ, ಅದೂ ಮಾಡಿದವರ ಕೈಬರಹದಲ್ಲೇ ಇದೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರಾಗ್ಬೇಡಿ.

ಮೊದಲು ಆ ಹುಡುಗ. ಹೆರ್ಶೆಲ್ ಗ್ರಿನ್‌ಶ್ಪಾನ್, 17 ವರ್ಷ, ಹುಟ್ಟಿದ್ದು ಹ್ಯಾನೋವರ್‌ನಲ್ಲಿ, ಅಪ್ಪ ದರ್ಜಿ, ಪೋಲೆಂಡ್ ಮೂಲದ ಯಹೂದಿ ಕುಟುಂಬ. 1938ರ ಅಕ್ಟೋಬರ್ ಕೊನೇಲಿ ಜರ್ಮನ್ ಪೊಲೀಸರು ಸುಮಾರು 17,000 ಪೋಲಿಷ್ ಯಹೂದಿಗಳನ್ನ ಮನೆಯಿಂದ ಎತ್ತಾಕ್ಕೊಂಡು ಹೋಗಿ ರೈಲಿಗೆ ತುಂಬಿ ಪೋಲೆಂಡ್ ಗಡಿಗೆ ದಬ್ಬಿದ್ರು. ಪೋಲೆಂಡ್ ಸರ್ಕಾರವೋ, ಆ ವರ್ಷ ಮಾರ್ಚಲ್ಲೇ ಹೊರಗೆ ಐದು ವರ್ಷಕ್ಕಿಂತ ಜಾಸ್ತಿ ಇದ್ದವರ ಪೌರತ್ವ ಕಿತ್ಕೊಳ್ಳೋ ಕಾನೂನು ಮಾಡಿ ಕೂತಿತ್ತು, ಒಳಗೆ ಬಿಡೋಕೆ ತಯಾರಿಲ್ಲ. ಝ್ಬೊಂಶಿನ್ ಅನ್ನೋ ಗಡಿ ಊರಲ್ಲಿ ಆ ಚಳಿ ಮಳೇಲಿ ಕುದುರೆ ಲಾಯದಲ್ಲಿ ಸಾವಿರಾರು ಜನ ಬಿದ್ದಿದ್ರು, ಅದರಲ್ಲಿ ಇವನ ಅಪ್ಪ ಅಮ್ಮನೂ ಇದ್ರು. ಅಲ್ಲಿಂದ ಅಕ್ಕ ಬರ್ಟಾ ಬರೆದ ಕಾರ್ಡು ನವೆಂಬರ್ 3ಕ್ಕೆ ಪ್ಯಾರಿಸ್‌ನಲ್ಲಿದ್ದ ಇವನ ಕೈ ಸೇರ್ತು. 7ನೇ ತಾರೀಕು ರಿವಾಲ್ವರ್ ಕೊಂಡು ಎಂಬಸಿಗೆ ಹೋಗಿ ಎರ್ನ್ಸ್ಟ್ ಫೊಮ್ ರಾಟ್ ಅನ್ನೋ ಕಾರ್ಯದರ್ಶಿಗೆ ಗುಂಡು ಹೊಡ್ದ. ಅವನು ಸತ್ತಿದ್ದು 9ರ ಸಂಜೆ.

ಈಗ ಆ 9ನೇ ತಾರೀಕು ಏನು ಅಂತ ನೋಡಿ. ಅಧಿಕಾರ ಹಿಡಿಯೋಕೆ ಹೋಗಿ ಹಿಟ್ಲರ್ ಸೋತ 1923ರ ಮ್ಯೂನಿಕ್ ದಂಗೆಯ ವಾರ್ಷಿಕೋತ್ಸವ. ಪಕ್ಷದ ಜಿಲ್ಲಾ ಮಟ್ಟದವರಿಂದ ಹಿಡಿದು ಹಿಟ್ಲರ್ ತನಕ ಎಲ್ಲ ದೊಡ್ಡೋರೂ ಮ್ಯೂನಿಕ್‌ನ ಹಳೇ ಟೌನ್‌ಹಾಲ್‌ನಲ್ಲಿ ಊಟಕ್ಕೆ ಸೇರಿದಾರೆ. ಸಾವಿನ ಸುದ್ದಿ ಬರುತ್ತೆ, ಹಿಟ್ಲರ್ ತನ್ನ ಪ್ರಚಾರ ಮಂತ್ರಿ ಗೋಬೆಲ್ಸ್ ಕಿವೀಲಿ ಏನೋ ಹೇಳಿ ಭಾಷಣ ಮಾಡ್ದೇನೇ ಎದ್ದು ಹೋಗ್ತಾನೆ. ಏನು ಹೇಳ್ದ ಅಂತ ಗೋಬೆಲ್ಸೇ ಡೈರೀಲಿ ಬರ್ಕೊಂಡಿದಾನೆ: ಪ್ರದರ್ಶನಗಳು ನಡೀಲಿ ಬಿಡಿ, ಪೊಲೀಸರನ್ನ ಹಿಂದಕ್ಕೆ ತಗೊಳ್ಳಿ, ಯಹೂದಿಗಳಿಗೆ ಒಂದ್ಸಲ ಜನರ ಸಿಟ್ಟು ಗೊತ್ತಾಗ್ಲಿ ಅಂತ. ರಾತ್ರಿ 10ರ ಸುಮಾರಿಗೆ ಗೋಬೆಲ್ಸ್ ಎದ್ದು ಭಾಷಣ ಮಾಡ್ತಾನೆ, ಕೇಳಿದ ನಾಯಕರು ಅಲ್ಲಿಂದಲೇ ತಮ್ತಮ್ಮ ಊರಿಗೆ ಫೋನ್ ಹಚ್ತಾರೆ.

ರಾತ್ರಿ 11:55ಕ್ಕೆ ಗೆಸ್ಟಾಪೊ (ರಹಸ್ಯ ಪೊಲೀಸ್) ಮುಖ್ಯಸ್ಥ ಹೈನ್‌ರಿಖ್ ಮ್ಯೂಲರ್‌ದು ಒಂದು ತಂತಿ, ಇಡೀ ದೇಶದ ಗೆಸ್ಟಾಪೊ ಕಚೇರಿಗಳಿಗೆ. ಸ್ವಲ್ಪ ಹೊತ್ತಲ್ಲೇ ಯಹೂದಿಗಳ ಮೇಲೆ, ಮುಖ್ಯವಾಗಿ ಸಿನಗಾಗ್‌ಗಳ ಮೇಲೆ ಕಾರ್ಯಾಚರಣೆ ನಡೆಯುತ್ತೆ, ಅಡ್ಡಿ ಮಾಡ್ಬೇಡಿ, 20ರಿಂದ 30 ಸಾವಿರ ಯಹೂದಿಗಳ ಬಂಧನಕ್ಕೆ ತಯಾರಿ ಮಾಡ್ಕೊಳ್ಳಿ. ಆಮೇಲೆ ಹಿಡಿದದ್ದು ಎಷ್ಟು? ಸುಮಾರು 30,000. ಸಿಟ್ಟಿಗೆದ್ದ ಗುಂಪಿನ ಲೆಕ್ಕ ಸರ್ಕಾರಿ ಕಾಗದದ ಮೇಲೆ ಮುಂಚೇನೇ ಬರುತ್ತಾ ಸುಮ್ನೆ_ಕೇಳ್ದೆ ಅವರೇ?

ಇನ್ನೂ ಒಂದು. ಆ ರಾತ್ರಿಯ ಕೊಲೆಗಳ ಬಗ್ಗೆ ನಾಜಿ ಪಕ್ಷದ ಸ್ವಂತ ನ್ಯಾಯಮಂಡಳಿಯೇ ಆಮೇಲೆ ವಿಚಾರಣೆ ಮಾಡ್ತು, 1939ರ ಫೆಬ್ರವರಿಯ ಅದರ ವರದಿಯಲ್ಲೇ ಇದೆ: ಪಕ್ಷ ಹೊರಗೆ ಕಾಣಿಸ್ಕೋಬಾರದು, ಆದ್ರೆ ವ್ಯವಸ್ಥೆ ಮಾಡಿ ನಡೆಸೋದು ಪಕ್ಷವೇ, ಹೀಗಂತಲೇ ಗೋಬೆಲ್ಸ್ ಮಾತನ್ನ ಅಲ್ಲಿದ್ದವರೆಲ್ಲ ಅರ್ಥ ಮಾಡ್ಕೊಂಡ್ರು ಅಂತ. ಕೊಂದವರನ್ನ ಬಿಟ್ಟು ಕಳಿಸೋಕೆ ಕೊಟ್ಟ ಕಾರಣ ಅದು! ಮೇಲಿಂದ ಬಂದದ್ದನ್ನ ಮಾಡಿದಾರೆ, ಅವರದ್ದೇನು ತಪ್ಪು ಅಂತ.

ಸುಮ್ನೆ_ಕೇಳ್ದೆ

ಮ್ಯೂಲರ್ ತಂತಿ ವಿಷ್ಯ ಗೊತ್ತಿರ್ಲಿಲ್ಲ. ಆದ್ರೆ ಕಾಸೆಲ್ ಕಡೆ 7-8ನೇ ತಾರೀಕೇ ಗಲಾಟೆ ಶುರುವಾಗಿತ್ತು ಅಂತಾನೂ ಓದಿದೀನಿ ಮೇಷ್ಟ್ರೆ, ಆಗ ಇನ್ನೂ ಭಾಷಣಾನೂ ಇಲ್ಲ ತಂತೀನೂ ಇಲ್ಲ.

ಮೇಷ್ಟ್ರು_ತುಮಕೂರು

ಹೌದು, ಹೆಸ್ಸೆ ಭಾಗದಲ್ಲಿ ಶುರುವಾಗಿತ್ತು. ಮಾಡಿದ್ದು ಯಾರು? ಅಲ್ಲಿಯ ಪಕ್ಷದ ಹುಡುಗರೇ, ಎಸ್‌ಎ, ಎಸ್‌ಎಸ್ ಅನ್ನೋ ನಾಜಿ ಪಕ್ಷದ ಸಮವಸ್ತ್ರದ ಪಡೆಗಳೋರು. ಗುಂಡು ಹೊಡೆದ ಮರುದಿನ ಪತ್ರಿಕೆಗಳೆಲ್ಲ ಒಂದೇ ರಾಗ ಹಾಡಿದ್ವು, ಅದೂ ಗೋಬೆಲ್ಸ್ ಸೂಚನೆ ಮೇಲೆ. ಮ್ಯೂನಿಕ್ ಭಾಷಣದಲ್ಲಿ ಅವನು ಆ ಗಲಾಟೆಗಳ ಹೆಸರು ಹೇಳಿಯೇ, ಇದನ್ನ ನಾವು ತಡೆಯಲ್ಲ ಅಂದದ್ದು. ಕೆಳಗಿನವರು ಮೇಲಿನವರ ಮನಸ್ಸು ಓದಿ ಮೊದಲು ಮಾಡ್ತಾರೆ, ಮೇಲಿನವರು ಅದನ್ನ ತೋರಿಸಿ ದೇಶಕ್ಕೆಲ್ಲ ಹಬ್ಬಿಸ್ತಾರೆ. ಬೇರೆ ಕಡೆಯ ಬಹಳಷ್ಟು ಎಸ್‌ಎನೋರಿಗೆ ಸಮವಸ್ತ್ರ ಬಿಚ್ಚಿಟ್ಟು ಮಾಮೂಲಿ ಬಟ್ಟೇಲಿ ಹೋಗಿ ಅಂತ ಹೇಳಿದ್ರಲ್ಲ, ಜನ ಅನ್ನಿಸ್ಬೇಕಲ್ಲ ಅದಕ್ಕೆ.

ನಿವೃತ್ತ_ಅಗ್ನಿಶಾಮಕ

ನಾನು ಫೈರ್ ಸರ್ವೀಸಲ್ಲಿ ಇದ್ದೋನು, ಈಗ ಪೆನ್ಷನ್. ಇತಿಹಾಸ ಅಷ್ಟು ಓದಿಲ್ಲ, ಆದ್ರೆ ಈ ಥ್ರೆಡ್ ನೋಡಿ ನಮ್ಮ ಕೆಲಸಕ್ಕೆ ಸಂಬಂಧಪಟ್ಟ ಒಂದು ವಿಷಯ ಹೇಳ್ಲೇಬೇಕು ಅನ್ನಿಸ್ತು.

ರಾತ್ರಿ 1:20ಕ್ಕೆ ಭದ್ರತಾ ಪೊಲೀಸ್ ಮುಖ್ಯಸ್ಥ ಹೈಡ್ರಿಖ್ ಕಳಿಸಿದ ಇನ್ನೊಂದು ತಂತಿ ಇದೆ, ಅದರ ತರ್ಜುಮೆ ಓದಿದೀನಿ. ಸಿನಗಾಗ್ ಸುಡೋದು ಅಕ್ಕಪಕ್ಕದ ಕಟ್ಟಡಕ್ಕೆ ಬೆಂಕಿ ತಗುಲೋ ಅಪಾಯ ಇಲ್ಲದ ಕಡೆ ಮಾತ್ರ. ಅಂಗಡಿ ಮನೆ ಒಡೀಬಹುದು, ಲೂಟಿ ಮಾಡಂಗಿಲ್ಲ. ವಿದೇಶಿ ಪ್ರಜೆಗಳನ್ನ ಮುಟ್ಟಂಗಿಲ್ಲ, ಅವರು ಯಹೂದಿಗಳಾದ್ರೂ ಸರಿ. ಸಿನಗಾಗ್‌ನ ಹಳೇ ದಾಖಲೆ ಪತ್ರ ಮಾತ್ರ ಸುಡಬೇಡಿ, ನಮಗೆ ತಂದೊಪ್ಪಿಸಿ. ಹಿಡಿಯೋರನ್ನ ಹಿಡೀವಾಗ ಆರೋಗ್ಯವಾಗಿರೋ, ತೀರಾ ವಯಸ್ಸಾಗದ ಗಂಡಸರನ್ನ, ಅದರಲ್ಲೂ ದುಡ್ಡಿರೋರನ್ನ ಹಿಡೀರಿ, ಇರೋ ಜೈಲು ಕೋಣೇಲಿ ಎಷ್ಟು ಹಿಡಿಸುತ್ತೋ ಅಷ್ಟು.

ಒಬರ್-ರಾಮ್‌ಸ್ಟಾಟ್ ಅನ್ನೋ ಸಣ್ಣ ಊರಿನ ಫೋಟೋ ಇದೆ, ನೆಟ್ಟಲ್ಲಿ ಸಿಗುತ್ತೆ ನೋಡಿ. ಸಿನಗಾಗ್ ಧಗಧಗ ಉರೀತಿದೆ, ಫೈರ್‌ನೋರು ಬಂದಿದಾರೆ, ಆದ್ರೆ ಅವರ ಕೆಲಸ ಎಲ್ಲ ಪಕ್ಕದ ಮನೆ ಮೇಲೆ. ಸುತ್ತ ಜನ ನಿಂತು ನೋಡ್ತಿದಾರೆ. ಪಕ್ಕದ ಕಟ್ಟಡ ಉಳಿಸ್ಕೊಳ್ಳೋದು ನಮ್ಮ ಟ್ರೈನಿಂಗಲ್ಲೂ ಇದೆ, ಉರೀತಿರೋದು ಕೈ ಮೀರಿದ್ರೆ ಮೊದಲು ಅದನ್ನೇ ಮಾಡ್ಬೇಕು. ಆದ್ರೆ ಇಲ್ಲಿ ಕೈ ಮೀರಿದ್ದಲ್ಲ ಸ್ವಾಮಿ, ಕೈ ಕಟ್ಟಿದ್ದು. ದಂಗೆಲಿ ಫೈರ್ ಎಂಜಿನ್‌ಗೆ ಕಲ್ಲು ಬೀಳುತ್ತೆ, ದಾರಿ ಬಿಡಲ್ಲ, ಪೈಪ್ ಕುಯ್ದುಹಾಕ್ತಾರೆ, ಅದೆಲ್ಲ ನಾವು ಕಂಡಿದ್ದೇ. ಇಲ್ಲಿ ಸುಡೋರೂ ನೀರು ಹೊಡೆಯೋರೂ ಒಂದೇ ಬೀದೀಲಿ ಒಬ್ಬರಿಗೊಬ್ಬರು ಅಡ್ಡ ಬರದೆ ತಮ್ಮ ತಮ್ಮ ಪಾಲಿನ ಡ್ಯೂಟಿ ಮಾಡಿದಾರೆ. ಇಷ್ಟು ವರ್ಷದ ಸರ್ವೀಸಲ್ಲಿ ಅಂಥ ದಂಗೆ ನಾನಂತೂ ಕೇಳಿಲ್ಲ.

ಕುಡ್ಲದ_ಮಾಣಿ

ಲೂಟಿ ಮಾಡ್ಬಾರ್ದು, ಸುಡ್ಬಹುದು!! ಎಂತ ಮರ್ಯಾದಸ್ತರು ಮಾರಾಯ್ರೆ

ಲೈಪ್ಸಿಗ್_ಅಕ್ಕ

ನಾನು ಲೈಪ್ಸಿಗ್‌ನಲ್ಲಿ ಇರೋದು, ಕೆಲಸದ ಮೇಲೆ ಬಂದು ಇಲ್ಲೇ ಉಳಿದೋಳು. ಫೈರ್ ಸರ್ ಹೇಳಿದ್ದಕ್ಕೆ ನಮ್ಮೂರಲ್ಲೇ ಉದಾಹರಣೆ ಇದೆ. ಗಾಟ್‌ಶೆಡ್ ಬೀದಿಯ ದೊಡ್ಡ ಸಿನಗಾಗ್ ಪೂರ್ತಿ ಸುಟ್ಟುಹೋಯ್ತು, ಈಗ ಅಲ್ಲಿ ಬರೀ 140 ಕಂಚಿನ ಕುರ್ಚಿಗಳನ್ನ ಸಾಲಾಗಿ ನಿಲ್ಸಿದಾರೆ, ಸ್ಮಾರಕ. ಆದ್ರೆ ಕೈಲ್ ಬೀದಿಯ ಬ್ರೋಡಿ ಸಿನಗಾಗ್ ಉಳ್ಕೊಳ್ತು, ಇವತ್ತಿಗೂ ಅಲ್ಲಿ ಪ್ರಾರ್ಥನೆ ನಡೆಯುತ್ತೆ. ಯಾಕೆ ಉಳೀತು ಅಂದ್ರೆ ಅದು ಒಂದು ವಠಾರದ ಕಟ್ಟಡದ ಒಳಗೆ ಇತ್ತು, ಮೇಲ್ಗಡೆ ಯಹೂದಿಗಳಲ್ಲದ ಜರ್ಮನ್ ಸಂಸಾರಗಳು ಬಾಡಿಗೆಗೆ ಇದ್ವು. ಒಳಗೆ ಒಡೆದು ಹಾಳು ಮಾಡಿದ್ರು, ಬೆಂಕಿ ಇಡ್ಲಿಲ್ಲ. ಆ ತಂತೀಲಿ ಏನು ಬರೆದಿತ್ತೋ ಅಕ್ಷರಕ್ಕೆ ಅಕ್ಷರ ಹಾಗೇ.

ಆಗ ಇಲ್ಲಿ ಅಮೆರಿಕನ್ ಕಾನ್ಸುಲ್ ಆಗಿದ್ದ ಡೇವಿಡ್ ಬಫಮ್ ಅನ್ನೋರು ಕಣ್ಣಾರೆ ಕಂಡದ್ದನ್ನ ವರದಿ ಮಾಡಿದಾರೆ. ಹದಿನೆಂಟು ವರ್ಷದ ಹುಡುಗನ್ನ ಮೂರನೇ ಮಹಡಿ ಕಿಟಕಿಯಿಂದ ಎಸೆದದ್ದು, ಮೃಗಾಲಯದ ಪಕ್ಕದಲ್ಲಿ ಹರಿಯೋ ಸಣ್ಣ ಹೊಳೆಗೆ ಯಹೂದಿಗಳನ್ನ ತಳ್ಳಿ, ನಿಂತು ನೋಡ್ತಿದ್ದವರಿಗೆ ಇವರ ಮೇಲೆ ಉಗುಳಿ ಅಂತ ಹುಕುಂ ಮಾಡಿದ್ದು, ಎಲ್ಲ ಇದೆ. ಹುಕುಂ ಮಾಡ್ಬೇಕಾಯ್ತು ನೋಡಿ. ಸೇರಿದ್ದ ಜನ ದಂಗು ಬಡಿದು ನಿಂತಿದ್ರು, ಇದನ್ನ ಜನರ ಸಹಜ ಆಕ್ರೋಶ ಅನ್ನೋಕೆ ಆಗಲ್ಲ ಅಂತಾನೇ ಅವರು ಬರೀತಾರೆ.

ಇದೇ ಊರಲ್ಲಿ ಅಕ್ಟೋಬರ್ 28ಕ್ಕೆ, ಮೇಷ್ಟ್ರು ಹೇಳಿದ ಗಡೀಪಾರಿನ ದಿನ, ಪೋಲಿಷ್ ಕಾನ್ಸುಲ್ ಫೆಲಿಕ್ಸ್ ಖಿಚೆವ್‌ಸ್ಕಿ ಕಚೇರಿ ಬಾಗಿಲು ತೆಗೆದು ಸುಮಾರು 1,300 ಜನರನ್ನ ಒಳಗೂ ತೋಟದಲ್ಲೂ ಇಟ್ಕೊಂಡ್ರು. ಅವರ ಸರ್ಕಾರ ಬೇಡ ಅಂದ ಜನರನ್ನೇ!

ಹುಬ್ಳಿ_ಸರ್ವೇಯರ್

ನಮಸ್ಕಾರ್ರಿ. ನಾ ಇನ್ಶೂರೆನ್ಸ್ ಸರ್ವೇಯರ್, ಬೆಂಕಿ ಬಿದ್ದಲ್ಲಿ, ಗಲಾಟೆ ಆದಲ್ಲಿ ಹೋಗಿ ಲಾಸ್ ಲೆಕ್ಕ ಹಾಕೋದು ನನ್ನ ಹೊಟ್ಟಿಪಾಡು. ಒಂದ್ ಮಾತ ಕೇಳ್ತೀನಿ, ಇಷ್ಟು ಕಾಜು ಒಡದಾವ, ಇಷ್ಟು ಅಂಗಡಿ ಸುಟ್ಟಾವ, ಕ್ಲೇಮ್ ಏನಾತು? ನಮ್ಮ ಫೈರ್ ಪಾಲಿಸಿಯೊಳಗ ದಂಗೆ, ಮುಷ್ಕರ, ಬೇಕಂತ ಮಾಡಿದ ಹಾನಿ ಎಲ್ಲಾ ಕವರ್ ಆಗ್ತಾವ್ರಿ, ಆದ್ರ ಸರ್ಕಾರದ ಆರ್ಡರ್ ಮ್ಯಾಲ ಕೆಡವಿದ್ದು, ಜಪ್ತಿ ಮಾಡಿದ್ದು ಕವರ್ ಆಗಂಗಿಲ್ಲ. ಹಂಗಾಗಿ "ಜನರ ಸಿಟ್ಟು" ಅಂತ ಸರ್ಕಾರ ಅಂದ್ರ ಕಂಪನಿ ರೊಕ್ಕ ಕೊಡಬೇಕಾಗ್ತದ. ಕೊಟ್ರೇನು?

ಮೇಷ್ಟ್ರು_ತುಮಕೂರು

ಸರ್ವೇಯರ್ ಸಾಹೇಬ್ರೆ, ನೀವು ಕೇಳಿದ ಪ್ರಶ್ನೇನ ನವೆಂಬರ್ 12ಕ್ಕೆ ಗೋರಿಂಗ್ ತನ್ನ ವಾಯುಯಾನ ಸಚಿವಾಲಯದಲ್ಲಿ ಮೀಟಿಂಗ್ ಕರೆದು ಚರ್ಚೆ ಮಾಡ್ದ. ಶೀಘ್ರಲಿಪಿಯಲ್ಲಿ ಬರ್ಕೊಂಡ ನಡಾವಳಿ ಪೂರ್ತಿ ಅಲ್ಲದಿದ್ರೂ ಬಹಳಷ್ಟು ಉಳಿದಿದೆ, ಓದಿದ್ರೆ ಹೊಟ್ಟೆ ತೊಳಸುತ್ತೆ.

ವಿಮಾ ಕಂಪನಿಗಳ ಪರವಾಗಿ ಎಡ್ವರ್ಡ್ ಹಿಲ್‌ಗಾರ್ಡ್ ಅಂತ ಒಬ್ಬ ಬಂದಿದ್ದ, ಅಲಿಯಾನ್ಸ್‌ನ ಆಡಳಿತ ಮಂಡಳಿಯೋನು. ಅವನ ಲೆಕ್ಕ ಕೇಳಿ. ಒಡೆದ ಅಂಗಡಿ ಗಾಜಿನ ಬೆಲೆ 60 ಲಕ್ಷ ಮಾರ್ಕ್. ಆ ದಪ್ಪ ಗಾಜು ಬರೋದು ಬೆಲ್ಜಿಯಮ್‌ನಿಂದ, ಇಷ್ಟನ್ನ ಮತ್ತೆ ತುಂಬೋಕೆ ಅಲ್ಲಿನ ಗಾಜಿನ ಕಾರ್ಖಾನೆಗಳಿಗೆ ಅರ್ಧ ವರ್ಷದ ಕೆಲಸ, ಅದಕ್ಕೆ ವಿದೇಶಿ ದುಡ್ಡು ಬೇಕು. ಇನ್ನೂ ತಮಾಷೆ ಅಂದ್ರೆ ಬಹಳಷ್ಟು ಯಹೂದಿ ವ್ಯಾಪಾರಿಗಳು ಬರೀ ಬಾಡಿಗೆದಾರರು, ಕಟ್ಟಡವೂ ಗಾಜೂ ಜರ್ಮನ್ ಮಾಲೀಕರದ್ದು! ಒಳಗಿನ ಸರಕೂ ಎಷ್ಟೋ ಕಡೆ ಜರ್ಮನ್ ಸಪ್ಲೈಯರ್ ಕಳಿಸಿ ಇನ್ನೂ ದುಡ್ಡು ಬರಬೇಕಾಗಿದ್ದದ್ದು. ಬರ್ಲಿನ್‌ನ ಮಾರ್ಗ್ರಾಫ್ ಅನ್ನೋ ಒಡವೆ ಅಂಗಡಿ ಒಂದರದ್ದೇ 17 ಲಕ್ಷ ಮಾರ್ಕ್ ವಿಮೆ, ಲೂಟಿ ಆಗಿಹೋಗಿತ್ತು, ತಂತೀಲಿ ಬೇಡ ಅಂದಿದ್ರೂ. ಗೋರಿಂಗ್‌ಗೆ ತಲೆ ಕೆಟ್ಟು ಹೈಡ್ರಿಖ್ ಕಡೆ ತಿರುಗಿ ಅಂದದ್ದು: ಇಷ್ಟು ಬೆಲೆ ಬಾಳೋ ವಸ್ತು ಹಾಳು ಮಾಡೋ ಬದಲು ನೀವು 200 ಯಹೂದಿಗಳನ್ನ ಹೊಡೆದು ಸಾಯಿಸಿದ್ರೆ ನಂಗೆ ಚೆನ್ನಾಗಿತ್ತು.

ಹಿಲ್‌ಗಾರ್ಡ್‌ಗೆ ಇದ್ದ ಚಿಂತೆ ಬೇರೆ, ಕ್ಲೇಮ್ ಕೊಡದಿದ್ರೆ ಹೊರದೇಶದಲ್ಲಿ ಜರ್ಮನ್ ವಿಮೆಗೆ ಯಾರೂ ಬೆಲೆ ಕೊಡಲ್ಲ ಅಂತ. ಅದಕ್ಕೂ ದಾರಿ ಸಿಕ್ತು. ಕಂಪನಿಗಳು ಕೊಡಲಿ, ಆದ್ರೆ ಆ ದುಡ್ಡನ್ನ ಸರ್ಕಾರ ಜಪ್ತಿ ಮಾಡುತ್ತೆ. ಅಂಗಡಿ ರಿಪೇರಿ, ಬೀದಿ ಚೊಕ್ಕಟ ಮಾಡೋದು ಯಹೂದಿಗಳೇ ಸ್ವಂತ ಖರ್ಚಲ್ಲಿ ಮಾಡ್ಬೇಕು. ಅದರ ಮೇಲೆ ಅಷ್ಟೂ ಯಹೂದಿಗಳಿಗೆ ಸೇರಿಸಿ 100 ಕೋಟಿ ಮಾರ್ಕ್ ದಂಡ, ಪ್ಯಾರಿಸ್ ಕೊಲೆಗೆ ಪ್ರಾಯಶ್ಚಿತ್ತ ಅಂತ ಹೆಸರು. ಎಲ್ಲ ಅದೇ ದಿನದ ಸುಗ್ರೀವಾಜ್ಞೆ.

ಹುಬ್ಳಿ_ಸರ್ವೇಯರ್

ಏನ್ರೀ ಇದು!! ಹಾನಿ ಆದಂವಾ ರಿಪೇರಿ ಮಾಡಬೇಕು, ಅವನ ಕ್ಲೇಮ್ ಸರ್ಕಾರ ತಿನಬೇಕು, ಮ್ಯಾಲ ಅವನ ದಂಡಾನೂ ಕಟ್ಟಬೇಕು. ಆ 100 ಕೋಟಿ ವಸೂಲಿ ಹೆಂಗ ಮಾಡಿದ್ರು? ಯಾರ ಹತ್ರ ಎಷ್ಟ ಐತಿ ಅಂತ ಹೆಂಗ ಗೊತ್ತು?

ಮೇಷ್ಟ್ರು_ತುಮಕೂರು

ಅದೇ ಇದರ ಮುಖ್ಯ ಭಾಗ. ಆ ವರ್ಷ ಏಪ್ರಿಲ್ 26ಕ್ಕೇ ಒಂದು ಆಜ್ಞೆ ಆಗಿತ್ತು: 5,000 ಮಾರ್ಕ್‌ಗಿಂತ ಹೆಚ್ಚು ಆಸ್ತಿ ಇರೋ ಯಹೂದಿಗಳು ಪ್ರತಿಯೊಂದನ್ನೂ ಫಾರಂ ತುಂಬಿ ಘೋಷಣೆ ಮಾಡ್ಬೇಕು ಅಂತ. ಮನೆ, ಷೇರು, ವಿಮಾ ಪಾಲಿಸಿ, ಒಡವೆ ಎಲ್ಲ. ಆ ಫಾರಂ ಸರ್ಕಾರದ ಕೈಲಿ ಇತ್ತು. ನವೆಂಬರ್‌ನಲ್ಲಿ ಅದನ್ನ ತೆಗೆದು 20 ಪರ್ಸೆಂಟ್ ಅಂದ್ರು, ನಾಲ್ಕು ಕಂತು, ಮೊದಲನೇದು ಡಿಸೆಂಬರ್ 15, ಕೊನೇದು 1939ರ ಆಗಸ್ಟ್ 15. ಆಮೇಲೆ ಸಾಲಲ್ಲ ಅಂತ ಐದನೇ ಕಂತು ಸೇರಿಸಿ 25 ಪರ್ಸೆಂಟ್ ಮಾಡಿದ್ರು. ವಸೂಲಿ ಆದದ್ದು 110 ಕೋಟಿ ಮೀರಿ. ಶಸ್ತ್ರಾಸ್ತ್ರಕ್ಕೆ ಸುರಿದು ಸುರಿದು ಖಜಾನೆ ಬರಿದಾಗಿದ್ದ ಸರ್ಕಾರ ಅದು ಅನ್ನೋದು ನೆನಪಿರ್ಲಿ.

ಅದೇ ದಿನದ ಇನ್ನೊಂದು ಆಜ್ಞೆ, 1939ರ ಜನವರಿ 1ರಿಂದ ಯಹೂದಿಗಳು ಚಿಲ್ಲರೆ ಅಂಗಡಿ, ಕುಶಲಕರ್ಮಿ ಕೆಲಸ ಯಾವುದೂ ನಡೆಸಂಗಿಲ್ಲ. ಅಂದ್ರೆ ಸ್ವಂತ ದುಡ್ಡಲ್ಲಿ ಗಾಜು ಹಾಕ್ಸು, ಆಮೇಲೆ ಬಿಟ್ಟು ಹೋಗು. ನವೆಂಬರ್ 15ಕ್ಕೆ ಮಕ್ಕಳು ಶಾಲೆಯಿಂದ ಹೊರಕ್ಕೆ, ಡಿಸೆಂಬರ್ 3ಕ್ಕೆ ಡ್ರೈವಿಂಗ್ ಲೈಸೆನ್ಸ್ ವಾಪಸ್. ಆ ಮೀಟಿಂಗಲ್ಲಿ ಗೋಬೆಲ್ಸ್, ಯಹೂದಿಗಳು ಕಾಡಿಗೆ ತಿರುಗಾಡೋಕೆ ಬರ್ತಾರೆ ಅದಕ್ಕೇನು ಮಾಡೋಣ ಅಂದಾಗ ಗೋರಿಂಗ್, ಅವರಿಗೆ ಕಾಡಿನ ಒಂದು ಭಾಗ ಬಿಟ್ಟುಕೊಡೋಣ, ಅವರ ಥರ ಕಾಣೋ ಪ್ರಾಣಿಗಳನ್ನೂ ಅಲ್ಲಿಗೇ ಬಿಡೋಣ, ಎಲ್ಕ್ ಜಿಂಕೆಗೂ ಡೊಂಕು ಮೂಗಿದೆಯಲ್ಲ ಅಂತ ಜೋಕ್ ಹೊಡೀತಾನೆ. ಬೀದೀಲಿ ಗಾಜು ಇನ್ನೂ ಗುಡಿಸಿ ಮುಗಿದಿರ್ಲಿಲ್ಲ.

ಲೈಪ್ಸಿಗ್_ಅಕ್ಕ

ಸರ್ವೇಯರ್ ಅವರೆ, ನಿಮಗೇ ಅಂತ ಇದೊಂದು. ಇಲ್ಲಿ ಬಾಂಬರ್ಗರ್ ಅಂಡ್ ಹೆರ್ಟ್ಸ್ ಅಂತ ದೊಡ್ಡ ಬಟ್ಟೆ ಅಂಗಡಿ ಇತ್ತು, ಅದಕ್ಕೂ ಬೆಂಕಿ ಇಟ್ರು. ಮಾಲೀಕರನ್ನ ಬೆಳಗ್ಗೆ ಆರಕ್ಕೆ ಹಾಸಿಗೆಯಿಂದ ಎಳೆದು ಜೈಲಿಗೆ ಹಾಕಿದ್ರು, ಆರೋಪ ಏನು ಗೊತ್ತಾ, ನೀವೇ ನಿಮ್ಮ ಅಂಗಡಿಗೆ ಬೆಂಕಿ ಹಚ್ಕೊಂಡ್ರಿ ಅಂತ! ನಂಬೋದು ಕಷ್ಟ ಅಂತ ಬಫಮ್ ವರದೀಲಿ ಅವರೇ ಬರೆದಿದಾರೆ.

ಹುಬ್ಳಿ_ಸರ್ವೇಯರ್

ಅಕ್ಕಾರ, ಸಾಕ್ರಿ.

ನಿರ್ವಾಹಕ

ಎರಡು ಕಾಮೆಂಟ್ ತೆಗೆದಿದೀನಿ. ಇವತ್ತಿನ ಪಾರ್ಟಿ ಜಗಳಕ್ಕೆ ಬೇರೆ ವಿಭಾಗ ಇದೆ, ಅಲ್ಲಿಗೆ ಹೋಗಿ. ಇಲ್ಲಿ ವಿಷಯ ಚೆನ್ನಾಗಿ ನಡೀತಿದೆ, ಕೆಡಿಸ್ಬೇಡಿ ಪ್ಲೀಸ್.

ಸುಮ್ನೆ_ಕೇಳ್ದೆ

ಸರಿ, ಆರ್ಡರ್ ಇತ್ತು ಅಂತಾನೇ ಇಟ್ಕೊಳ್ಳಣ. ಹಾಗಾದ್ರೆ ಜನ ಪೂರ್ತಿ ಅಮಾಯಕರಾ? ಅಷ್ಟು ಊರಲ್ಲಿ ಬರೀ ಪಕ್ಷದವರೇ ಮಾಡೋಕಾಗುತ್ತಾ? ಇನ್ನೊಂದು, 1933ರಿಂದ ಹಿಂಸೆ ಕೊಡ್ತಿದ್ರಲ್ಲ, ಯಹೂದಿಗಳು ಯಾಕೆ ಮೊದಲೇ ದೇಶ ಬಿಟ್ಟು ಹೋಗ್ಲಿಲ್ಲ?

ಕುಡ್ಲದ_ಮಾಣಿ

ಎರಡನೇದಕ್ಕೆ ನಾನು ಹೇಳ್ತೇನೆ. ಹೋಗ್ಲಿಲ್ಲ ಅಂತ ಯಾರು ಹೇಳಿದ್ದು? 1933ರಲ್ಲಿ ಜರ್ಮನಿಯಲ್ಲಿ ಸುಮಾರು 5 ಲಕ್ಷ ಯಹೂದಿಗಳು ಇದ್ದದ್ದು, ಯುದ್ಧ ಶುರು ಆಗುವಷ್ಟರಲ್ಲಿ ಅರ್ಧದಷ್ಟು ಜನ ಹೋಗಿ ಆಗಿತ್ತು. ಉಳಿದವರಿಗೆ ಹೋಗ್ಲಿಕ್ಕೆ ಜಾಗ ಬೇಕಲ್ಲ ಮಾರಾಯ್ರೆ. ದೇಶ ಬಿಡುವಾಗ ಆಸ್ತಿಯ ಕಾಲು ಭಾಗ ತೆರಿಗೆ, ಕೈಯಲ್ಲಿ ತಗೊಂಡು ಹೋಗ್ಲಿಕ್ಕೆ ಬಿಡ್ತಿದ್ದದ್ದು 10 ಮಾರ್ಕ್. ಬರಿಗೈಯವನಿಗೆ ವೀಸಾ ಯಾರು ಕೊಡ್ತಾರೆ?

1938ರ ಜುಲೈಯಲ್ಲಿ ಫ್ರಾನ್ಸ್‌ನ ಎವಿಯಾನ್‌ನಲ್ಲಿ 32 ದೇಶಗಳು ಇದಕ್ಕೇ ಅಂತ ಸಭೆ ಸೇರಿದ್ವು, ಒಂಬತ್ತು ದಿನ ಕಣ್ಣೀರು ಹಾಕಿ ಹೋದವು, ದೊಡ್ಡ ಸಂಖ್ಯೆಯಲ್ಲಿ ತಗೊಳ್ತೇವೆ ಅಂದದ್ದು ಡೊಮಿನಿಕನ್ ರಿಪಬ್ಲಿಕ್ ಒಂದೇ. ಆಸ್ಟ್ರೇಲಿಯಾದ ಪ್ರತಿನಿಧಿ, ನಮ್ಮಲ್ಲಿ ಜನಾಂಗದ ಸಮಸ್ಯೆ ಇಲ್ಲ, ಹೊರಗಿನಿಂದ ತಂದುಕೊಳ್ಳುವ ಮನಸ್ಸೂ ಇಲ್ಲ ಅಂದ. ನವೆಂಬರ್ ಆದ ಮೇಲೆ ಬ್ರಿಟನ್ ಮಕ್ಕಳನ್ನು ತಗೊಂಡಿತು, ಡಿಸೆಂಬರ್ 2ಕ್ಕೆ ಮೊದಲ ಹಡಗು ಹಾರ್ವಿಚ್‌ಗೆ, ಒಟ್ಟು ಸುಮಾರು 10,000 ಮಕ್ಕಳು. ಅಪ್ಪ ಅಮ್ಮನಿಗೆ ಅವಕಾಶ ಇಲ್ಲ, ಸ್ಟೇಷನ್ನಿನಲ್ಲಿ ಕೈಬೀಸಿ ಕಳಿಸಿದವರಲ್ಲಿ ಹೆಚ್ಚಿನವರು ಮತ್ತೆ ಮಕ್ಕಳ ಮುಖ ನೋಡ್ಲಿಲ್ಲ. ಅಮೆರಿಕದಲ್ಲಿ 20,000 ಮಕ್ಕಳಿಗೆ ಅಂತ ಬಂದ ಮಸೂದೆ ಸಮಿತಿಯಲ್ಲೇ ಸತ್ತಿತು.

ಆ ನವೆಂಬರಿನಲ್ಲಿ ಹಿಡಿದವರನ್ನು ಹಾಕಿದ್ದ ಕಾನ್ಸಂಟ್ರೇಶನ್ ಕ್ಯಾಂಪಿನಿಂದ ಗಂಡ ಬಿಡುಗಡೆ ಆಗ್ಬೇಕಾದ್ರೆ ದೇಶ ಬಿಡ್ತಾನೆ ಅಂತ ಕಾಗದ ತೋರಿಸ್ಬೇಕಿತ್ತು. ದಾಖಾವ್, ಬುಖನ್‌ವಾಲ್ಡ್, ಸಾಕ್ಸನ್‌ಹೌಸನ್‌ನಲ್ಲಿ ಗಂಡಸರು, ಹೊರಗೆ ಹೆಂಗಸರು ಒಂದು ಕಾನ್ಸುಲೇಟ್‌ನಿಂದ ಇನ್ನೊಂದಕ್ಕೆ ಕ್ಯೂ ನಿಲ್ಲುವುದು. ಆಗ ಶಾಂಘೈಗೆ ಇಳೀಲಿಕ್ಕೆ ವೀಸಾ ಬೇಡಿತ್ತು, ಆದ್ರೆ ಜರ್ಮನಿ ಬಿಡ್ಲಿಕ್ಕೆ ಏನಾದ್ರೂ ಕಾಗದ ಬೇಕಿತ್ತಲ್ಲ, ವಿಯೆನ್ನಾದಲ್ಲಿ ಚೀನಾದ ಕಾನ್ಸುಲ್ ಹೋ ಫೆಂಗ್‌ಶಾನ್ ತನ್ನ ಮೇಲಧಿಕಾರಿ ಬೇಡ ಅಂದ್ರೂ ಸಾವಿರಗಟ್ಟಲೆ ಬರೆದು ಕೊಟ್ಟರು. ಯಾಕೆ ಹೋಗ್ಲಿಲ್ಲ ಅನ್ನುವ ಪ್ರಶ್ನೆ ಕೇಳುವಾಗ ಸ್ವಲ್ಪ ಈ ಕ್ಯೂ ನೆನಪು ಮಾಡಿ.

ಲೈಪ್ಸಿಗ್_ಅಕ್ಕ

ಜನ ಅಮಾಯಕರಾ ಅನ್ನೋದಕ್ಕೆ ನಂಗೆ ಗೊತ್ತಿರೋಷ್ಟು. ಇಲ್ಲಪ್ಪ, ಅಮಾಯಕರು ಅನ್ನಲ್ಲ. ಎಷ್ಟೋ ಹಳ್ಳಿಗಳಲ್ಲಿ ಅಕ್ಕಪಕ್ಕದವರೇ ಮನೆಗೆ ನುಗ್ಗಿದಾರೆ, ಶಾಲೆ ಮಕ್ಕಳನ್ನ ಮೇಷ್ಟ್ರುಗಳೇ ಕರ್ಕೊಂಡು ಬಂದಿದಾರೆ. ಶುರು ಮಾಡಿದ್ದು ಆರ್ಡರ್, ಸೇರ್ಕೊಂಡಿದ್ದು ಊರು.

ಬಾಡೆನ್-ಬಾಡೆನ್ ಫೋಟೋಗಳನ್ನ ನೋಡಿ, ಅದು ರಾತ್ರಿ ಅಲ್ಲ, 10ನೇ ತಾರೀಕು ಹಾಡು ಹಗಲು. ಶ್ರೀಮಂತರು ಸ್ನಾನಕ್ಕೆ ಅಂತ ಹೋಗೋ ಊರು. ಒಳ್ಳೆ ಓವರ್‌ಕೋಟ್, ಹ್ಯಾಟು ಹಾಕಿದ ಗಂಡಸರನ್ನ ಸಾಲಾಗಿ ಬೀದೀಲಿ ನಡೆಸ್ಕೊಂಡು ಹೋಗ್ತಿದಾರೆ, ಪಕ್ಕದಲ್ಲಿ ಪೊಲೀಸರು. ಮುಂದಿನವರ ಕೈಗೆ ಒಂದು ದೊಡ್ಡ ನಕ್ಷತ್ರ ಕೊಟ್ಟಿದಾರೆ, ಅದರ ಮೇಲೆ "ದೇವರು ನಮ್ಮನ್ನು ಕೈಬಿಡುವುದಿಲ್ಲ" ಅಂತ ಬರಹ, ಲೇವಡಿಗೆ. ಸಿನಗಾಗ್ ಒಳಗೆ ಕರ್ಕೊಂಡು ಹೋಗಿ ಆರ್ಥರ್ ಫ್ಲೇಹಿಂಗರ್ ಅನ್ನೋ ಮೇಷ್ಟ್ರ ಕೈಲಿ ಹಿಟ್ಲರ್ ಬರೆದ ಮೈನ್ ಕಾಂಫ್ ಪುಸ್ತಕ ಓದಿಸಿದ್ರು, ಮೆಲ್ಲಗೆ ಓದಿದ್ದಕ್ಕೆ ಹೊಡೆದ್ರು, ಆಮೇಲೆ ಸಿನಗಾಗ್ ಸುಟ್ರು. ಫೋಟೋದಲ್ಲಿ ಫುಟ್‌ಪಾತ್ ಮೇಲೆ ನಿಂತೋರನ್ನ ನೋಡ್ತಾ ಕೂತ್ರೆ ಯಾರ ಮನಸ್ಸಲ್ಲಿ ಏನಿತ್ತು ಅಂತ ಹೇಳೋಕಾಗಲ್ಲ, ಆದ್ರೆ ಯಾರೂ ಮನೆ ಒಳಗೆ ಹೋಗಿ ಬಾಗಿಲು ಹಾಕ್ಕೊಂಡಿಲ್ಲ.

ಎದುರು ನಿಂತೋರೂ ಇದ್ರು, ಬೆರಳೆಣಿಕೆ. ಬರ್ಲಿನ್‌ನ ಒರಾನಿಯನ್‌ಬುರ್ಗ್ ಬೀದಿಯ ಹೊಸ ಸಿನಗಾಗ್‌ಗೆ ಎಸ್‌ಎನೋರು ಬೆಂಕಿ ಇಟ್ಟಾಗ, ವಿಲ್ಹೆಲ್ಮ್ ಕ್ರೂಟ್ಸ್‌ಫೆಲ್ಡ್ ಮುಖ್ಯಸ್ಥನಾಗಿದ್ದ ಠಾಣೆಯ ಪೊಲೀಸರು ಬಂದು, ಇದು ಸಂರಕ್ಷಿತ ಕಟ್ಟಡ ಅಂತ ಹೇಳಿ ಓಡಿಸಿ ಫೈರ್ ಎಂಜಿನ್ ಕರೆಸಿ ಆರಿಸಿದ್ರು. ಅವನಿಗೆ ಗಲ್ಲಾಗ್ಲಿಲ್ಲ, ಕ್ಯಾಂಪ್ ಆಗ್ಲಿಲ್ಲ, ಮೇಲಿನವನು ಕರೆಸಿ ಬೈದ. ಬರ್ಲಿನ್‌ನ ಕ್ಯಾಥೊಲಿಕ್ ಪಾದ್ರಿ ಬೆರ್ನ್‌ಹಾರ್ಡ್ ಲಿಖ್ಟನ್‌ಬೆರ್ಗ್ ಪೂಜೆಯಲ್ಲೇ ಬಹಿರಂಗವಾಗಿ ಯಹೂದಿಗಳಿಗಾಗಿ ಪ್ರಾರ್ಥನೆ ಮಾಡಿದ್ರು, ಅವರನ್ನ ಕೊನೆಗೆ ಹಿಡಿದು, 1943ರಲ್ಲಿ ದಾಖಾವ್‌ಗೆ ಸಾಗಿಸೋ ದಾರೀಲಿ ಸತ್ರು. ಚರ್ಚ್ ಅನ್ನೋ ಸಂಸ್ಥೆ ಮಾತ್ರ ತುಟಿ ಬಿಚ್ಚಲಿಲ್ಲ.

ನಿವೃತ್ತ_ಅಗ್ನಿಶಾಮಕ

ಆ ಕ್ರೂಟ್ಸ್‌ಫೆಲ್ಡ್ ವಿಷಯ ಕೇಳಿ ಸಮಾಧಾನ ಆಯ್ತಮ್ಮ. ಒಂದು ಠಾಣೆ ಫೋನ್ ಮಾಡಿದ್ರೆ ಎಂಜಿನ್ ಬರ್ತಿತ್ತು ಅಂತಾಯ್ತು. ಉಳಿದ ಠಾಣೆಗಳು ಮಾಡ್ಲಿಲ್ಲ.

ಬಸವನಗುಡಿ_ಶ್ರೀ

ನಮ್ಮ ಬೆಂಗಳೂರಿಗೂ ಇದರ ಒಂದು ಎಳೆ ಇದೆ, ಅದಕ್ಕೇ ಬರೀತಿದೀನಿ. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಯಹೂದಿ ಅಂತ 1933ರಲ್ಲಿ ಗ್ಯೋಟಿಂಗೆನ್ ವಿಶ್ವವಿದ್ಯಾಲಯದ ಕೆಲಸ ಹೋಯ್ತು. ಸಿ.ವಿ. ರಾಮನ್ ಅವರನ್ನ ಬೆಂಗಳೂರಿನ ಐಐಎಸ್‌ಸಿಗೆ ಕರೆಸ್ಕೊಂಡ್ರು, 1935-36ರಲ್ಲಿ ಕೆಲವು ತಿಂಗಳು ಇಲ್ಲಿದ್ರು. ಖಾಯಂ ಮಾಡ್ಬೇಕು ಅಂತ ರಾಮನ್ ಹಟ ಹಿಡಿದ್ರೂ ಆಗ್ಲಿಲ್ಲ, ತನ್ನ ದೇಶದಿಂದಲೇ ಓಡಿಸ್ಕೊಂಡ ಎರಡನೇ ದರ್ಜೆಯೋನು ನಮಗೆ ಸಾಲದು ಅಂತ ಮೀಟಿಂಗಲ್ಲಿ ಒಬ್ಬ ಇಂಗ್ಲಿಷ್ ಪ್ರೊಫೆಸರ್ ಬಾರ್ನ್ ಎದುರಿಗೇ ಅಂದ್ನಂತೆ, ಬಾರ್ನ್ ಆತ್ಮಕಥೇಲೇ ಬರೆದಿದಾರೆ. ಎಡಿನ್‌ಬರಾಗೆ ಹೋದ್ರು, 1954ರಲ್ಲಿ ನೊಬೆಲ್ ಬಂತು.

ಅವರ ಅಕ್ಕತಂಗಿಯರಲ್ಲೊಬ್ಬರ ಮಗ ಓಟೊ ಕ್ಯೋನಿಗ್ಸ್‌ಬರ್ಗರ್, ಬರ್ಲಿನ್ ಆರ್ಕಿಟೆಕ್ಟ್, ಅವರಿಗೂ 1933ರಲ್ಲೇ ಕೆಲಸ ಹೋಗಿ ಈಜಿಪ್ಟ್ ಸೇರಿದ್ರು. 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ ಮೈಸೂರು ಸಂಸ್ಥಾನದ ಆರ್ಕಿಟೆಕ್ಟ್ ಆಗಿ ಬಂದ್ರು. ಐಐಎಸ್‌ಸಿ ಏರೋನಾಟಿಕಲ್ ವಿಭಾಗದ ಕಟ್ಟಡ ಅವರದ್ದು, ಆಮೇಲೆ ಭುವನೇಶ್ವರದ ಪ್ಲಾನೂ ಅವರದ್ದೇ. ಆ ಕ್ಯಾಂಪಸ್ಸಲ್ಲಿ ಓದಿದೋರಿಗೇ ಎಷ್ಟು ಜನಕ್ಕೆ ಗೊತ್ತು ಹೇಳಿ.

ಮಲ್ನಾಡ್_ಓದುಗ

ಗಾಂಧೀಜಿ ಇದರ ಬಗ್ಗೆ ಏನಾದ್ರೂ ಹೇಳಿದ್ರಾ?

ಮೇಷ್ಟ್ರು_ತುಮಕೂರು

ಹೇಳಿದ್ರು, 1938ರ ನವೆಂಬರ್ 26ರ ಹರಿಜನ ಪತ್ರಿಕೇಲಿ. ಮಾನವೀಯತೆಗೋಸ್ಕರ ಒಂದು ಯುದ್ಧ ಸರಿ ಅನ್ನೋದಾದ್ರೆ ಜರ್ಮನಿ ಮೇಲಿನ ಯುದ್ಧ ಪೂರ್ತಿ ಸರಿ, ಆದ್ರೆ ನನಗೆ ಯುದ್ಧದಲ್ಲೇ ನಂಬಿಕೆ ಇಲ್ಲ, ಯಹೂದಿಗಳು ಸತ್ಯಾಗ್ರಹ ಮಾಡ್ಲಿ ಅಂದ್ರು. ಜರ್ಮನಿ ಬಿಟ್ಟು ಜೆರುಸಲೇಮ್ ಸೇರಿದ್ದ ಯಹೂದಿ ತತ್ವಜ್ಞಾನಿ ಮಾರ್ಟಿನ್ ಬೂಬರ್ 1939ರ ಫೆಬ್ರವರಿಯಲ್ಲಿ ಉತ್ತರ ಬರೆದ್ರು, ಗಾಂಧೀಜಿ ಮೇಲೆ ಗೌರವ ಇದ್ದೋರೇ. ಕಾನ್ಸಂಟ್ರೇಶನ್ ಕ್ಯಾಂಪ್ ಅಂದ್ರೆ ಏನು, ಅಲ್ಲಿ ಏನು ನಡೆಯುತ್ತೆ ಅಂತ ನಿಮಗೆ ಗೊತ್ತಾ ಮಹಾತ್ಮರೆ ಅಂತ ಕೇಳ್ತಾರೆ ಅದರಲ್ಲಿ. ಗಾಂಧೀಜಿ ಅವರ ಅಭಿಮಾನಿಯಾಗಿ ಹೇಳ್ತೀನಿ, ಈ ವಿಷಯದಲ್ಲಿ ಬೂಬರ್ ಮಾತೇ ತೂಕದ್ದು. ನೋಡೋ ಸಾಕ್ಷಿಯನ್ನೇ ಕ್ಯಾಂಪ್ ಬೇಲಿ ಒಳಗೆ ಮುಚ್ಚಿಟ್ಟ ಸರ್ಕಾರದ ಎದುರು ಸತ್ಯಾಗ್ರಹ ಯಾರಿಗೆ ಕಾಣುತ್ತೆ?

ಕುಡ್ಲದ_ಮಾಣಿ

ಕೊಂದವರಿಗೆ ಶಿಕ್ಷೆ ಆಯ್ತಾ ಕೊನೆಗೆ?

ಮೇಷ್ಟ್ರು_ತುಮಕೂರು

ಸರ್ಕಾರಿ ಲೆಕ್ಕದಲ್ಲಿ ಸತ್ತೋರು 91. ಆತ್ಮಹತ್ಯೆ, ಕ್ಯಾಂಪಲ್ಲಿ ಸತ್ತೋರು ಸೇರಿದ್ರೆ ನೂರಾರು. ಪಕ್ಷದ ನ್ಯಾಯಮಂಡಳಿ ಕೊಲೆ ಮಾಡಿದವರನ್ನ ಹೆಚ್ಚುಕಡಿಮೆ ಎಲ್ಲರನ್ನೂ ಬಿಟ್ಟಿತು, ಅತ್ಯಾಚಾರ ಮಾಡಿದವರನ್ನ ಮಾತ್ರ ಪಕ್ಷದಿಂದ ಹೊರಗೆ ಹಾಕಿ ಕೋರ್ಟಿಗೆ ಕಳಿಸ್ತು. ಹೆಣ್ಣಿಗೆ ಅನ್ಯಾಯ ಆಯ್ತು ಅಂತಲ್ಲ, ಯಹೂದಿ ಹೆಣ್ಣನ್ನ ಮುಟ್ಟಿ ರಕ್ತ ಮೈಲಿಗೆ ಮಾಡ್ಕೊಂಡ್ರು ಅಂತ, 1935ರ ನ್ಯೂರೆಂಬರ್ಗ್ ಕಾನೂನಿನ ಪ್ರಕಾರ. 1945ರ ಮೇಲೆ ಜರ್ಮನ್ ಕೋರ್ಟುಗಳಲ್ಲಿ ಊರೂರಿನ ಕೇಸು ನಡೆದ್ವು, ಶಿಕ್ಷೆ ಆದೋರೂ ಇದಾರೆ, ಬಹಳಷ್ಟು ಸಣ್ಣ ಸಣ್ಣ ಅವಧಿ.

ಸುಮ್ನೆ_ಕೇಳ್ದೆ

ಆ ಹುಡುಗ ಏನಾದ?

ಲೈಪ್ಸಿಗ್_ಅಕ್ಕ

ಗ್ರಿನ್‌ಶ್ಪಾನ್ ಫ್ರಾನ್ಸ್ ಜೈಲಲ್ಲಿದ್ದ, ವಿಚಾರಣೆ ಆಗೋಷ್ಟರಲ್ಲಿ ಜರ್ಮನಿ ಫ್ರಾನ್ಸನ್ನೇ ಹಿಡೀತು, 1940ರಲ್ಲಿ ಅವನನ್ನ ನಾಜಿಗಳಿಗೆ ಒಪ್ಪಿಸಿದ್ರು. ಗೋಬೆಲ್ಸ್ 1942ರಲ್ಲಿ ದೊಡ್ಡ ಪ್ರದರ್ಶನದ ವಿಚಾರಣೆಗೆ ತಯಾರಿ ಮಾಡ್ದ, ಯುದ್ಧವನ್ನೇ ಯಹೂದಿಗಳು ಹೂಡಿದ್ದು ಅಂತ ಸಾಬೀತು ಮಾಡೋಕೆ. ಆದ್ರೆ ಹುಡುಗ, ಫೊಮ್ ರಾಟ್‌ಗೂ ನನಗೂ ದೈಹಿಕ ಸಂಬಂಧ ಇತ್ತು ಅಂತ ಕೋರ್ಟಲ್ಲಿ ಹೇಳ್ತೀನಿ ಅಂದ, ಅದು ಹೊರಗೆ ಬಂದ್ರೆ ಮರ್ಯಾದೆ ಹೋಗುತ್ತೆ ಅಂತ ವಿಚಾರಣೆ ಮುಂದೂಡಿದ್ರು, ಮತ್ತೆ ನಡೀಲೇ ಇಲ್ಲ. ಸಾಕ್ಸನ್‌ಹೌಸನ್‌ನಲ್ಲಿ ಇಟ್ಟಿದ್ರು, ಆಮೇಲೆ ಅವನ ಸುಳಿವು ಎಲ್ಲೂ ಇಲ್ಲ, 1960ರಲ್ಲಿ ಪಶ್ಚಿಮ ಜರ್ಮನಿಯ ಕೋರ್ಟು ಸತ್ತಿದಾನೆ ಅಂತ ಘೋಷಿಸ್ತು. ಅಕ್ಕ ಬರ್ಟಾ ಉಳೀಲಿಲ್ಲ. ಅಪ್ಪ ಅಮ್ಮ ಸೋವಿಯತ್ ಕಡೆಗೆ ಓಡಿ ಬದುಕ್ಕೊಂಡ್ರು, ಅಪ್ಪ ಸೆಂಡೆಲ್ 1961ರಲ್ಲಿ ಜೆರುಸಲೇಮ್‌ನಲ್ಲಿ ನಡೆದ ನಾಜಿ ಅಧಿಕಾರಿ ಐಖ್‌ಮನ್ ವಿಚಾರಣೆಗೆ ಬಂದು ಆ ಅಕ್ಟೋಬರ್‌ನ ಗಡೀಪಾರಿನ ಬಗ್ಗೆ ಸಾಕ್ಷಿ ಹೇಳಿದ್ರು. ಆ ಸಾಕ್ಷಿಯ ಇಂಗ್ಲಿಷ್ ಪ್ರತಿ ಸಿಗುತ್ತೆ, ಬೇಕಾದೋರು ಹೇಳಿ, ಭಾನುವಾರ ಬಿಡುವಾದಾಗ ಕನ್ನಡಕ್ಕೆ ಮಾಡಿ ಇಲ್ಲೇ ಹಾಕ್ತೀನಿ.

ಹುಬ್ಳಿ_ಸರ್ವೇಯರ್

ಹಾಕ್ರಿ ಅಕ್ಕಾರ. ಆ 12ನೇ ತಾರೀಖಿನ ಮೀಟಿಂಗಿನ ನಡಾವಳಿನೂ ಇದ್ರ ಮೇಷ್ಟ್ರ, ಇನ್ಶೂರೆನ್ಸ್ ಭಾಗ ಅಷ್ಟರ ಹಾಕ್ರಿ.